ಹಳಿ ಪಕ್ಕದ ಪಾಲಕ್, ಗ್ಯಾಲರಿಯ ಬಸಳೆ

ದ್ವೀಪಗಳ ನಡುವಣ ಕಡಲನ್ನು ಹೂಳಿ ಪಡೆದ ನೆಲ ಮುಂಬಯಿಯದು. ಇಲ್ಲಿ ಮಣ್ಣಿಗೆ ಮನೆಯ ಬೆಲೆಯೇ ಹೊರತು ಬೆಳೆಯ ಬೆಲೆಯಿಲ್ಲ. ಆದರೂ ಲೋಕಲ್ ಗಾಡಿಯಲ್ಲಿ ಕಿಟಕಿಯ ಬದಿ ಸೀಟು ಸಿಕ್ಕ ಭಾಗ್ಯವಂತರು, ಹಳಿಗಳಿಗೆ ತಾಗಿದಂತೆ ಹಬ್ಬಿದ ಪಾಲಕ್, ಬೆಂಡೆ, ಹರಿವೆಯ ಮಡಿಗಳನ್ನು ಎಷ್ಟೋ ವರ್ಷ ನೋಡುತ್ತ ಬಂದಿದ್ದಾರೆ.

ಈ ಮಡಿಗಳ ಹಿಂದೆ ಯುದ್ಧಕಾಲದ ಹಸಿವಿದೆ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರ ಮೇ ತಿಂಗಳಲ್ಲಿ ಮುಂಬಯಿಗೆ ರೇಶನ್ ಬಂತು. ಅದೇ ವರ್ಷ ಬಂಗಾಲ ಕ್ಷಾಮಕ್ಕೆ ತುತ್ತಾಯಿತು. ‘ಹೆಚ್ಚು ಆಹಾರ ಬೆಳೆಯಿರಿ’ ಎಂದು ಸರಕಾರ ಆಗ ಹೂಡಿದ ಚಳವಳಿಯ ಹೆಸರು ಸ್ವಾತಂತ್ರ್ಯಾನಂತರವೂ ಉಳಿಯಿತು. ಅದರಡಿಯಲ್ಲಿಯೇ ರೈಲ್ವೆಯು ಖಾಲಿ ಬಿದ್ದ ಜಾಗಗಳನ್ನು ತನ್ನ ಕೆಳದರ್ಜೆಯ ನೌಕರರಿಗೆ ಗೇಣಿಗೆ ಕೊಟ್ಟಿತು. ತರಕಾರಿ ಇದ್ದಲ್ಲಿ ಜೋಪಡಿ ಏಳುವುದಿಲ್ಲವೆಂಬ ಲೆಕ್ಕವೂ ಅದರಲ್ಲಿತ್ತು. ಗುದ್ದಲಿ ಹಿಡಿದವರು ಮಾತ್ರ ಬಹುಮಟ್ಟಿಗೆ ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ಬಡವರು. ನಮ್ಮಂತೆಯೇ ಊರು ಬಿಟ್ಟವರು.

ಗಟಾರದ ನೀರಿನಲ್ಲಿ ಬೆಳೆದ ಸೊಪ್ಪು ಎಂಬ ದೂರು ಸುಳ್ಳಲ್ಲ. ಕಾರಖಾನೆಗಳ ಕೊಳೆಯೂ ಸೇರುವ ಆ ನೀರಿನಿಂದ ಸೀಸದಂಥ ಲೋಹಗಳು ಎಲೆಗೇರಬಹುದು. ತೊಳೆದ ಮಾತ್ರಕ್ಕೆ ಅವು ಹೋಗುವುದಿಲ್ಲ. ಆದರೆ ಕುಡಿಯುವ ನೀರಿಗೇ ಸಾಲು ನಿಲ್ಲಬೇಕಾದ ಊರಿನಲ್ಲಿ ಆ ಬಡವನ ಮಡಿಗೆ ನಲ್ಲಿನೀರು ಕೊಡುವವರು ಯಾರಿದ್ದರು?

ನಮ್ಮವರ ತೋಟ ಇದ್ದುದು ಚಾಳಿನ ಗ್ಯಾಲರಿಯಲ್ಲಿ, ಒಡೆದ ಕೊಡ ಮತ್ತು ಡಾಲ್ಡಾ ಡಬ್ಬಿಗಳಲ್ಲಿ. ಬಸಳೆಗೆ ಬೀಜವೂ ಬೇಡ. ಮಾಟುಂಗಾ ಮಾರ್ಕೆಟಿನಿಂದ ತಂದ ಕಟ್ಟಿನ ದಪ್ಪ ದಂಟನ್ನು ಚುಚ್ಚಿದರೆ ಸಾಕು. ಅಕ್ಕಿ ತೊಳೆದ ನೀರು ಅದಕ್ಕೆ ಅಮೃತ. ಒಂದು ಮನೆಯ ಬಳ್ಳಿ ತುಂಡಾಗಿ ನಾಲ್ಕು ಮನೆಗೆ ಹೋಗುತ್ತಿತ್ತು. ಮರಾಠಿ ನೆರೆಯವರಿಗೆ ಅದು ‘ಮಾಯಾಳು’, ನಮ್ಮ ಕೆಸು ಅವರಿಗೆ ‘ಅಳು’. ನಾವು ಪತ್ರೊಡೆ ಮಾಡಿದರೆ ಅವರು ಅಳುವಡಿ ಮಾಡುವರು. ಯಾವುದು ಹೆಚ್ಚು ರುಚಿ ಎಂಬ ವಾದಕ್ಕೆ ನಾನಿಲ್ಲಿ ಇಳಿಯಲಾರೆ.

ಚಾಳುಗಳು ಹೋಗಿ ಗೋಪುರಗಳೆದ್ದ ಮೇಲೆ ತೋಟವೂ ತಾರಸಿಗೇರಿತು. ಆಗಿನ ಮುಂಬಯಿ ಪೋರ್ಟ್ ಟ್ರಸ್ಟಿನ ಅಡುಗೆಮನೆಯ ತಾರಸಿಯಲ್ಲಿ 2002ರಲ್ಲಿ ಪ್ರೀತಿ ಪಾಟೀಲರು ತೊಡಗಿದ್ದು ಪ್ರಸಿದ್ಧ ಉದಾಹರಣೆ. ಸಾವಿರಾರು ಕಾರ್ಮಿಕರ ಅಡುಗೆಯಿಂದ ದಿನವೂ ಉಳಿಯುವ ಸಿಪ್ಪೆ, ನಾರುಗಳಿಗೆ ಗತಿ ಕಾಣಿಸಬೇಕಿತ್ತು. ಕೊಲ್ಹಾಪುರದ ಗಣಿತದ ಮೇಷ್ಟ್ರು ಶ್ರೀಪಾದ ದಾಭೋಲ್ಕರರು ರೂಪಿಸಿದ್ದ ವಿಧಾನ ಅವರಿಗೆ ದಾರಿ ತೋರಿತು. ತರಗೆಲೆ, ಕಬ್ಬಿನ ಸಿಪ್ಪೆ, ಅಡುಗೆಮನೆಯ ಕಸವೇ ಕೊಳೆತು ಮಣ್ಣಾಯಿತು. ಹೊರಗಿನಿಂದ ಮಣ್ಣು ಹೊರಬೇಕಾದದ್ದು ಅತ್ಯಲ್ಪ. ಮುಂದೆ ‘ಅರ್ಬನ್ ಲೀವ್ಸ್’ ಎಂಬ ಬಳಗವಾಗಿ ನಗರದ ಬೇರೆ ಬೇರೆ ಕಡೆಯವರು ಕೂಡಿ ದುಡಿಯತೊಡಗಿದರು.

ನಮ್ಮ ಸೊಸೈಟಿಗಳ ಸಭೆಯಲ್ಲಿ ತಾರಸಿ ತೋಟದ ಮಾತೆತ್ತಿದರೆ ಮೊದಲೇಳುವ ಪ್ರಶ್ನೆ ಸೋರಿಕೆಯದು. ಮೇಲಿನ ಮಹಡಿಯವರ ಭಯ ನ್ಯಾಯವಾದದ್ದೇ. ಹಾಗಾಗಿ ಎಷ್ಟೋ ಮನೆಗಳಲ್ಲಿ ಬಸಳೆ ಈಗಲೂ ಕಿಟಕಿಯ ಗ್ರಿಲ್ಲಿಗೇ ಹಬ್ಬಿದೆ. ತುಂಡು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.