ಕಾರಿನ ಎರಡನೇ ಬ್ಯಾಟರಿಯಿಂದ ತಂಪುಪೆಟ್ಟಿಗೆ: ಬಿಸಿಲನಾಡಿಗೆ ತಕ್ಕ ಲೆಕ್ಕ

ಕಲಬುರಗಿಯಲ್ಲಿ ಕೂಲರ್ ಎಂದೊಡನೆ ನೆನಪಾಗುವುದು ಕಿಟಕಿಗೆ ಕೂರಿಸಿ ನೀರು ತುಂಬುವ ಗಾಳಿಯಂತ್ರ. ಇಲ್ಲಿನ ವಿಷಯ ಅದಲ್ಲ. ಕಾರಿನ ಹಿಂಬದಿಯಲ್ಲಿಟ್ಟು 12 ವೋಲ್ಟ್ ವಿದ್ಯುತ್ತಿನಿಂದ ನಡೆಸುವ ಪುಟ್ಟ ತಂಪುಪೆಟ್ಟಿಗೆ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಈ ಭಾಗದಲ್ಲಿ ಅಪರೂಪವೇನಲ್ಲ. ನಗರದ ಅಂಚಿನ ಕೋಟನೂರಿನಿಂದ ಹೊರಟು ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಹೈದರಾಬಾದಿನ ಆಸ್ಪತ್ರೆಗೆ ಹೋಗುವ ಕುಟುಂಬವೊಂದು ಇನ್ಸುಲಿನ್ ಒಯ್ಯಬೇಕಾದರೆ ಇಂಥ ಪೆಟ್ಟಿಗೆ ಐಷಾರಾಮವೆನಿಸುವುದಿಲ್ಲ.

ಕಾರು ಓಡುತ್ತಿರುವಷ್ಟು ಹೊತ್ತು ಚಿಂತೆಯಿಲ್ಲ. ಆಲ್ಟರ್ನೇಟರ್ ವಿದ್ಯುತ್ ಒದಗಿಸುತ್ತದೆ. ತೊಂದರೆ ಆರಂಭವಾಗುವುದು ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಂತಾಗ. ಸಣ್ಣ ಕಾರಿನ ಬ್ಯಾಟರಿಯ ಸಾಮರ್ಥ್ಯ ಸಾಮಾನ್ಯವಾಗಿ 35ರಿಂದ 45 ಆಂಪಿಯರ್-ಗಂಟೆ. ಪೆಟ್ಟಿಗೆ 5 ಆಂಪಿಯರ್ ಎಳೆದರೆ ನಾಲ್ಕು ಗಂಟೆಯಲ್ಲೇ ಅರ್ಧ ಬರಿದಾಗಿ, ಹಳೆಯ ಬ್ಯಾಟರಿಯಾದರೆ ಸಂಜೆ ಎಂಜಿನ್ ಚಾಲೂ ಆಗುವುದೇ ಅನುಮಾನ. ಎರಡನೇ ಬ್ಯಾಟರಿ ಬೇಕಾಗುವುದು ಇದಕ್ಕಾಗಿಯೇ. ಅದು ಹೊಸದಾಗಿ ವಿದ್ಯುತ್ ಉತ್ಪಾದಿಸುವುದಿಲ್ಲ. ಮೊದಲ ಬ್ಯಾಟರಿಯನ್ನು ಕಾಯುತ್ತದೆ, ಅಷ್ಟೇ. ಎರಡನ್ನೂ ನೇರವಾಗಿ ತಂತಿಯಿಂದ ಬೆಸೆದರೆ ಆ ಕಾವಲೂ ಉಳಿಯದು. ಎರಡೂ ಒಟ್ಟಿಗೇ ಬರಿದಾಗುತ್ತವೆ.

ಹೀಗಾಗಿ ನಡುವೆ ವೋಲ್ಟೇಜ್ ಗುರುತಿಸುವ ರಿಲೇ ಇರಬೇಕು. ಎಂಜಿನ್ ಓಡುವಾಗ ವೋಲ್ಟೇಜ್ ಸುಮಾರು 13.3ಕ್ಕೇರಿದರೆ ಅದು ಎರಡನ್ನೂ ಜೋಡಿಸುತ್ತದೆ, 12.8ರ ಆಸುಪಾಸಿಗೆ ಇಳಿದರೆ ಬೇರ್ಪಡಿಸುತ್ತದೆ. ಆದರೆ ಇತ್ತೀಚಿನ ಅನೇಕ ಕಾರುಗಳಲ್ಲಿ ಇಂಧನ ಉಳಿಸಲು ಆಲ್ಟರ್ನೇಟರ್ ಆಗಾಗ ತನ್ನ ವೋಲ್ಟೇಜನ್ನು ತಾನೇ ತಗ್ಗಿಸುತ್ತದೆ. ಅಂಥಲ್ಲಿ ರಿಲೇ ಸಾಲದು, ಡಿಸಿ-ಡಿಸಿ ಚಾರ್ಜರ್ ಬೇಕು. ಲಿಥಿಯಂ ಬ್ಯಾಟರಿ ಅಳವಡಿಸುವವರಿಗೂ ಇದೇ ಸುರಕ್ಷಿತ ಮಾರ್ಗ.

ಆದರೂ ಬ್ಯಾಟರಿಗಿಂತ ಮೊದಲು ಯೋಚಿಸಬೇಕಾದದ್ದು ಪೆಟ್ಟಿಗೆಯ ಬಗೆ. ಅಗ್ಗದವು ಪೆಲ್ಟಿಯರ್ ತತ್ತ್ವದವು. ಫ್ರಾನ್ಸಿನ ಜಾನ್ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡಂತೆ, ಎರಡು ಭಿನ್ನ ಲೋಹಗಳ ಸಂಧಿಯಲ್ಲಿ ವಿದ್ಯುತ್ ಹರಿದರೆ ಒಂದೆಡೆ ತಂಪು, ಮತ್ತೊಂದೆಡೆ ಬಿಸಿ. ಇಂಥ ಪೆಟ್ಟಿಗೆಗಳಲ್ಲಿ ಬಹುತೇಕವು ಬಿಡುವಿಲ್ಲದೆ 4ರಿಂದ 5 ಆಂಪಿಯರ್ ಎಳೆದೂ ಹೊರಗಿನ ಉಷ್ಣಾಂಶಕ್ಕಿಂತ 15ರಿಂದ 20 ಡಿಗ್ರಿ ಮಾತ್ರ ಇಳಿಸುತ್ತವೆ. ಹೊರಗೆ 42 ಇದ್ದರೆ ಒಳಗೆ 22ಕ್ಕಿಂತ ಕೆಳಗಿಳಿಯುವುದು ಕಷ್ಟ. ಬಿಸಿಲಲ್ಲಿ ನಿಂತ ಕಾರಿನೊಳಗಂತೂ ಕೇಳುವುದೇ ಬೇಡ. ಮೈಸೂರಿಗೋ ಮಡಿಕೇರಿಗೋ ಒಪ್ಪುವ ಪೆಟ್ಟಿಗೆ ಕಲಬುರಗಿಗೆ ಒಪ್ಪದು. ಬಳಕೆಗೆ ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ಹಾಗೆಂದು ಹೆಪ್ಪುಗಟ್ಟಲೂಬಾರದು.

ಕಂಪ್ರೆಸರ್ ಪೆಟ್ಟಿಗೆಗೆ ಬೆಲೆ ಹಲವು ಪಟ್ಟು, ಕೆಲಸವೂ ಹಾಗೆಯೇ. ಓಡುವಾಗ 4 ಆಂಪಿಯರಿನಷ್ಟು ಎಳೆದರೂ ತಂಪಾದ ಮೇಲೆ ಆಗಾಗ ನಿಲ್ಲುತ್ತದೆ. ಬಿರುಬೇಸಿಗೆಯಲ್ಲಿ ಅರ್ಧ ಹೊತ್ತು ಓಡುತ್ತದೆಂದು ಹಿಡಿದರೆ ದಿನಕ್ಕೆ 48 ಆಂಪಿಯರ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುವುದು ಸಲ್ಲದಾದ್ದರಿಂದ, 100 ಆಂಪಿಯರ್-ಗಂಟೆಯದು ಒಂದು ದಿನಕ್ಕೆ ಸರಿಹೋಗುತ್ತದೆ.

ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಕಾರಿಗೇರಿಸುವ ಆಲೋಚನೆ ಹಲವರಿಗೆ ಬರುತ್ತದೆ. ಅದು ಬೇಡ. ಚಾರ್ಜ್ ಆಗುವಾಗ ಹೊಮ್ಮುವ ಜಲಜನಕ ಮುಚ್ಚಿದ ಕಾರಿನೊಳಗೆ ಅಪಾಯಕಾರಿ. ಕುಲುಕಾಟಕ್ಕೆ ಆಮ್ಲವೂ ಚೆಲ್ಲಬಹುದು. ಒಳಗಿಡುವುದಾದರೆ ಮೊಹರು ಮಾಡಿದ ಎಜಿಎಂ ಬ್ಯಾಟರಿ ಆರಿಸಿ, ಅಲುಗದಂತೆ ಬಿಗಿಯಬೇಕು. ಬ್ಯಾಟರಿಗಳ ನಡುವಿನ ತಂತಿಯ ಎರಡೂ ತುದಿಗಳಲ್ಲಿ, ಬ್ಯಾಟರಿಗೆ ಅಂಟಿದಂತೆ, ಫ್ಯೂಸ್ ಕಡ್ಡಾಯ. ಇದನ್ನು ಬಿಟ್ಟರೆ ಉಜ್ಜಿಹೋದ ಒಂದೇ ತಂತಿ ಕಾರನ್ನೇ ಸುಡಬಲ್ಲದು. ಪೆಟ್ಟಿಗೆಗೆ ಹೋಗುವ ತಂತಿ ತೆಳುವಾದರೂ ಪೇಚು: ಹೋಗಿಬರುವ 8 ಮೀಟರ್ ಉದ್ದದ 1.5 ಚದರ ಮಿಲಿಮೀಟರ್ ತಾಮ್ರದಲ್ಲಿ 5 ಆಂಪಿಯರ್ ಹರಿದರೆ ಸುಮಾರು ಅರ್ಧ ವೋಲ್ಟ್ ಸೋರುತ್ತದೆ. ಬ್ಯಾಟರಿಯಲ್ಲಿ ಶಕ್ತಿಯಿದ್ದರೂ ಪೆಟ್ಟಿಗೆ ನಿಂತುಬಿಡುವುದು ಇದರಿಂದಲೇ. 6 ಚದರ ಮಿಲಿಮೀಟರಿನದಾದರೆ ನಷ್ಟ ಅದರ ಕಾಲು ಭಾಗ.

ಒಂದೇ ದಿನದ ಪ್ರಯಾಣಕ್ಕೆ ಇಷ್ಟೆಲ್ಲ ಖರ್ಚು ಅನಗತ್ಯ. ಹಳ್ಳಿಹಳ್ಳಿಗೆ ಲಸಿಕೆ ಒಯ್ಯುವ ಆರೋಗ್ಯ ಸಿಬ್ಬಂದಿಯ ಡಬ್ಬಿಗೆ ಬ್ಯಾಟರಿಯೇ ಇಲ್ಲ. ದಪ್ಪ ಗೋಡೆ, ನಾಲ್ಕು ಐಸ್ ಪ್ಯಾಕ್ ಅಷ್ಟೇ. ಇನ್ಸುಲಿನ್ ಬಾಟಲಿ ನೇರವಾಗಿ ಐಸಿಗೆ ತಾಗದಂತೆ ಬಟ್ಟೆ ಸುತ್ತಿಟ್ಟರೆ ಹೈದರಾಬಾದಿನವರೆಗಿನ ಸುಮಾರು 220 ಕಿ.ಮೀ. ಹಾದಿಗೆ ಅದೇ ಸಾಕು.