ಇಸ್ತ್ರಿ ಪೆಟ್ಟಿಗೆಯ ಕೆಂಡದಲ್ಲಿ ಪಾದರಸ, ಯುರೇನಿಯಂ ಇದೆಯೇ?

ಕಲ್ಲಿದ್ದಲಿನಲ್ಲಿ ಪಾದರಸ, ಆರ್ಸೆನಿಕ್, ಸೀಸ, ಯುರೇನಿಯಂ ಇವೆ. ಆದ್ದರಿಂದ ಕೆಂಡದ ಮೇಲೆ ಸುಟ್ಟ ಕಬಾಬ್ ತಿನ್ನಬೇಡಿ, ಕೆಂಡದ ಇಸ್ತ್ರಿ ಹಾಕಿಸಬೇಡಿ, ಹಾರುಬೂದಿ ಇಟ್ಟಿಗೆಯ ಮನೆ ಕೊಳ್ಳಬೇಡಿ. ಇಂಥ ಸಂದೇಶ ನಿಮ್ಮ ಫೋನಿಗೂ ಬಂದರೆ, ಅದರ ಮೊದಲ ತುಂಡು ನಿಜ ಎಂದು ತಿಳಿಯಿರಿ. ಉಳಿದದ್ದು ಬೇರೆ ಬೇರೆ ವಸ್ತುಗಳನ್ನು ಒಂದೇ ಚೀಲಕ್ಕೆ ತುಂಬಿದ್ದರಿಂದ ಆದ ಗೊಂದಲ.

ಇದ್ದಿಲು ಬೇರೆ, ಕಲ್ಲಿದ್ದಲು ಬೇರೆ

ಹಲಸೂರಿನ ಓಣಿಗಳಲ್ಲಿ ಕೆಂಡದ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡ ಗಾಡಿ ಕಂಡರೆ, ಶಿವಾಜಿನಗರದಲ್ಲಿ ಸೀಕ್ ಕಬಾಬ್ ತಿರುಗಿಸುವ ಒಲೆ ಕಂಡರೆ ಒಮ್ಮೆ ಬಗ್ಗಿ ನೋಡಿ. ಅಲ್ಲಿ ಉರಿಯುವುದು ಸಾಮಾನ್ಯವಾಗಿ ಮರದ ಇದ್ದಿಲು ಅಥವಾ ತೆಂಗಿನ ಚಿಪ್ಪಿನ ಇದ್ದಿಲು. ಕಲ್ಲಿದ್ದಲು ಗಣಿಯಿಂದ ಬರುವ ಕಲ್ಲು. ಒಂದು ಕಾಲದಲ್ಲಿ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬರುತ್ತಿದ್ದ ಹಬೆ ಎಂಜಿನ್ನುಗಳಿಗೆ ಸುರಿಯುತ್ತಿದ್ದದ್ದು ಅದು. ಉರ್ದು ಮಾತಾಡುವವರು ಎರಡಕ್ಕೂ ಕೋಯ್ಲಾ ಅನ್ನುತ್ತಾರೆ. ಇಂಗ್ಲಿಷಿನಲ್ಲೂ ಒಲೆಯ ಕೆಂಡಕ್ಕೆ ಕೋಲ್ ಅನ್ನುವುದುಂಟು. ಕನ್ನಡದಲ್ಲಿ ಮಾತ್ರ ಹೆಸರಲ್ಲೇ ಕಲ್ಲು ಇದೆ. ಅನುವಾದವಾಗಿ ಬರುವ ಫಾರ್ವರ್ಡುಗಳಲ್ಲಿ ಆ ಕಲ್ಲು ಎಲ್ಲೋ ಬಿದ್ದುಹೋಗುತ್ತದೆ.

ಅನುಮಾನ ಬಂದರೆ ಕೈಯಲ್ಲಿ ಹಿಡಿದು ನೋಡಿ. ಇದ್ದಿಲು ಹಗುರ, ಮರದ ಗೆರೆಗಳು ಕಾಣುತ್ತವೆ, ಒಣಗಿದ್ದರೆ ನೀರಿನಲ್ಲಿ ತೇಲುತ್ತದೆ. ಕಲ್ಲಿದ್ದಲು ಭಾರ, ಪದರ ಪದರ, ನೀರಿನಲ್ಲಿ ಮುಳುಗುತ್ತದೆ, ಹೊತ್ತಿಸಿದರೆ ದಟ್ಟ ಹೊಗೆ ಬರುತ್ತದೆ.

ಹಾಗೆಂದು ಎಲ್ಲ ಕೆಂಡವೂ ಶುದ್ಧವಲ್ಲ. ಬಣ್ಣ ಬಳಿದ ಹಳೆ ಬಾಗಿಲು, ಗೆದ್ದಲು ಹಿಡಿಯದಂತೆ ಔಷಧಿ ಕುಡಿಸಿದ ಮರ, ಇವುಗಳಲ್ಲಿ ಸೀಸವೋ ಆರ್ಸೆನಿಕ್ಕೋ ಇರಬಹುದು. ಅಂಥವನ್ನು ಅಡುಗೆ ಒಲೆಗೆ ಹಾಕಬಾರದು.

ಕಲ್ಲಿದ್ದಲಿನಲ್ಲಿ ಇಷ್ಟೆಲ್ಲ ಹೇಗೆ ಸೇರಿತು?

ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲು ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದಿನ ಗೊಂಡ್ವಾನಾ ಕಾಲದ ಗಿಡಮರಗಳದ್ದು. ಆ ಗಿಡಗಳು ಕೊಳೆಯುತ್ತಿದ್ದ ಜೌಗಿಗೆ ನದಿಗಳು ಮಣ್ಣು, ಮರಳು ತಂದು ಸುರಿದವು. ಹಾಗಾಗಿ ನಮ್ಮ ಕಲ್ಲಿದ್ದಲನ್ನು 100 ಕಿಲೋ ಸುಟ್ಟರೆ ಹಲವು ಸಲ 30ರಿಂದ 45 ಕಿಲೋ ಬೂದಿಯೇ ಉಳಿಯುತ್ತದೆ. ಬೂದಿಗೆ ಮೂಲ ಬೆಣಚುಕಲ್ಲು, ಜೇಡಿಯ ಖನಿಜಗಳು, ಕಬ್ಬಿಣದ ಖನಿಜಗಳು. ಗಂಧಕ ಮತ್ತು ಕಬ್ಬಿಣ ಸೇರಿದ ಪೈರೈಟ್ ಎಂಬ ಹೊಳೆಯುವ ಖನಿಜವೂ ಇರುತ್ತದೆ. ಆರ್ಸೆನಿಕ್ ಮತ್ತು ಪಾದರಸದ ಬಹುಪಾಲು ಅಡಗಿರುವುದು ಅದರಲ್ಲೇ.

ಪ್ರಮಾಣ ಎಷ್ಟು? ಒಂದು ಟನ್ ಕಲ್ಲಿದ್ದಲಿನಲ್ಲಿ ಯುರೇನಿಯಂ ಸಾಮಾನ್ಯವಾಗಿ 1ರಿಂದ 4 ಗ್ರಾಂ. ಪಾದರಸ ಅದಕ್ಕಿಂತ ಬಹಳ ಕಡಿಮೆ, ಒಂದು ಗ್ರಾಮಿನ ಹತ್ತನೇ ಒಂದೆರಡು ಭಾಗ. ಓದಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ವಿದ್ಯುತ್ ಸ್ಥಾವರಗಳು ಸುಡುವುದು ಚೀಲದ ಲೆಕ್ಕದಲ್ಲಲ್ಲ, ರೈಲಿನ ಲೆಕ್ಕದಲ್ಲಿ.

ಹಾಗಾದರೆ ಹಾರುಬೂದಿ ಇಟ್ಟಿಗೆ?

ಸುಟ್ಟಾಗ ಯುರೇನಿಯಂ ಬಹುತೇಕ ಬೂದಿಯಲ್ಲೇ ಉಳಿಯುತ್ತದೆ. ಟನ್ನಿಗೆ 2 ಗ್ರಾಂ ಇದ್ದು, ಕಲ್ಲಿದ್ದಲಿನ ಶೇ. 40ರಷ್ಟು ಬೂದಿಯಾದರೆ, ಒಂದು ಟನ್ ಬೂದಿಯಲ್ಲಿ ಸುಮಾರು 5 ಗ್ರಾಂ. ಸಾಮಾನ್ಯ ಗ್ರಾನೈಟ್ ಕಲ್ಲಿನಲ್ಲೂ ಇದರ ಆಸುಪಾಸಿನಷ್ಟೇ ಇರುತ್ತದೆ. ಇಟ್ಟಿಗೆಯಲ್ಲಿ ಬೂದಿಯ ಜೊತೆ ಬೇರೆ ವಸ್ತುಗಳೂ ಇರುವುದರಿಂದ ಇನ್ನಷ್ಟು ಕಡಿಮೆ. ಕೆ.ಆರ್. ಪುರದ ಫ್ಲ್ಯಾಟಿನಲ್ಲಿ ಹಾರುಬೂದಿ ಗೋಡೆಗೆ ಹೆದರಿ, ಗ್ರಾನೈಟ್ ಅಡುಗೆ ಕಟ್ಟೆಯ ಮೇಲೆ ನೆಮ್ಮದಿಯಿಂದ ತರಕಾರಿ ಹೆಚ್ಚುವುದಕ್ಕೆ ಅರ್ಥವಿಲ್ಲ. ಅಂದಹಾಗೆ ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟಿನಲ್ಲೂ ಶೇ. 15ರಿಂದ 35ರ ತನಕ ಹಾರುಬೂದಿ ಇರಬಹುದು ಎಂದು ಭಾರತೀಯ ಮಾನಕವೇ ಹೇಳುತ್ತದೆ.

ಈ ಹೆದರಿಕೆಗೆ ಇಂಬು ಕೊಟ್ಟದ್ದು 2007ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬಂದ ಒಂದು ತಲೆಬರಹ: ಕಲ್ಲಿದ್ದಲಿನ ಬೂದಿ ಪರಮಾಣು ತ್ಯಾಜ್ಯಕ್ಕಿಂತ ಹೆಚ್ಚು ವಿಕಿರಣಶೀಲ ಎಂದು. ಹೋಲಿಕೆ ಇದ್ದದ್ದು ಸರಿಯಾಗಿ ನಡೆಯುತ್ತಿರುವ ಪರಮಾಣು ಸ್ಥಾವರದಿಂದ ಹೊರಗೆ ಸೋರುವ ಅತ್ಯಲ್ಪ ವಿಕಿರಣದ ಜೊತೆ, ಅದೂ ಎರಡೂ ಕಡೆ ಅಷ್ಟೇ ವಿದ್ಯುತ್ ತಯಾರಾದಾಗ. ಒಳಗೆ ಮುಚ್ಚಿಟ್ಟ ತ್ಯಾಜ್ಯದ ಜೊತೆಗಲ್ಲ. ಪತ್ರಿಕೆ ಆಮೇಲೆ ಸ್ಪಷ್ಟನೆ ಸೇರಿಸಿತು. ಫಾರ್ವರ್ಡ್ ಆದದ್ದು ತಲೆಬರಹ.

ನಿಜವಾದ ತೊಂದರೆ ಯಾರಿಗೆ?

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಹೊರ ರಾಜ್ಯಗಳಿಂದ ರೈಲಿನಲ್ಲಿ ಬಂದು ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯಂಥ ಕಡೆ ಉರಿಯುತ್ತದೆ. ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ತಯಾರಾಗುತ್ತಿದೆ, ಸಾಮರ್ಥ್ಯ 1,720 ಮೆಗಾವಾಟ್. ಇಂದಿರಾನಗರದಲ್ಲಿ ಎಸಿ ಹಾಕಿದಾಗ ಆ ಬೂದಿಯ ಒಂದು ಪಾಲು ನಮ್ಮ ಲೆಕ್ಕಕ್ಕೂ ಸೇರುತ್ತದೆ.

ಅಲ್ಲಿನ ಬಾಯ್ಲರಿನಲ್ಲಿ ಆರ್ಸೆನಿಕ್, ಸೆಲೆನಿಯಂ, ಸೀಸ ಆವಿಯಾಗಿ, ತಣ್ಣಗಾಗುವಾಗ ಅತಿ ಸಣ್ಣ ಬೂದಿ ಕಣಗಳ ಮೈಗೆ ಅಂಟಿಕೊಳ್ಳುತ್ತವೆ. ಚಿಮಣಿಗೆ ಮೊದಲು ಇರುವ ವಿದ್ಯುತ್ ಜಾಲ ಶೇ. 99ಕ್ಕಿಂತ ಹೆಚ್ಚು ಬೂದಿಯನ್ನು ಹಿಡಿಯಬಲ್ಲದು. ಆದರೆ ಪಾದರಸದ ದೊಡ್ಡ ಪಾಲು ಆವಿಯಾಗಿಯೇ ಜಾರಿಕೊಳ್ಳುತ್ತದೆ. ಅದಕ್ಕೆಂದೇ ಕೇಂದ್ರ ಸರ್ಕಾರ 2015ರ ಡಿಸೆಂಬರ್‌ನಲ್ಲಿ ಚಿಮಣಿಯ ಗಾಳಿಯಲ್ಲಿ ಪಾದರಸ ಘನ ಮೀಟರಿಗೆ 0.03 ಮಿಲಿಗ್ರಾಂ ಮೀರಬಾರದು ಎಂದು ಮಿತಿ ಹಾಕಿತು. ಹಿಡಿದ ಬೂದಿಯನ್ನು ಹೊಂಡಕ್ಕೆ ಬಿಟ್ಟರೆ, ಒಣಗಿದಾಗ ಗಾಳಿಗೆ ಏಳುತ್ತದೆ, ಅದರೊಳಗಿನದು ನೀರಿಗೆ ಇಳಿಯಬಹುದು. ಇಟ್ಟಿಗೆಗೂ ಸಿಮೆಂಟಿಗೂ ಬೂದಿ ಬಳಸಿ ಎಂದು ಕಾನೂನು ಒತ್ತಾಯಿಸುವುದು ಇದಕ್ಕೇ. ಗೋಡೆಯಲ್ಲಿ ಕಟ್ಟಿಹಾಕಿದ ಬೂದಿ ಎದ್ದು ಹಾರುವುದಿಲ್ಲ.

ಮನೆಯೊಳಗೆ ಕಲ್ಲಿದ್ದಲು ಸುಟ್ಟು ವಿಷವೇರಿದ್ದು ಚೀನಾದ ಗುಯಿಝೌ ಪ್ರಾಂತದಲ್ಲಿ. ತಂಪು, ತೇವದ ಆ ಊರುಗಳಲ್ಲಿ ಮೆಣಸಿನಕಾಯಿಯನ್ನು ಬಿಸಿಲಿನ ಬದಲು ಒಳಗೇ, ಚಿಮಣಿಯಿಲ್ಲದ ಒಲೆಯ ಮೇಲೆ ಒಣಗಿಸುತ್ತಿದ್ದರು. ಅಲ್ಲಿನ ಕೆಲವು ಕಲ್ಲಿದ್ದಲಿನಲ್ಲಿ ಆರ್ಸೆನಿಕ್ ಟನ್ನಿಗೆ 35 ಕಿಲೋ ತನಕ ಇತ್ತು. ಸುಮಾರು 3,000 ಜನ ಆರ್ಸೆನಿಕ್ ವಿಷದಿಂದ ನರಳಿದರು.

ನಮ್ಮ ಮನೆಯಲ್ಲಿ ನೋಡಬೇಕಾದದ್ದು

ಇದ್ದಿಲಿನ ಬೂದಿ ಗಿಡಕ್ಕೆ ಸ್ವಲ್ಪ ಹಾಕಬಹುದು, ಪಾತ್ರೆ ಉಜ್ಜಬಹುದು. ಕಲ್ಲಿದ್ದಲಿನ ಬೂದಿ ಎರಡಕ್ಕೂ ಬೇಡ.

ಫಾರ್ವರ್ಡುಗಳಲ್ಲಿ ಬಿಟ್ಟುಹೋಗುವ ಅಪಾಯ ಇನ್ನೊಂದಿದೆ. ಡಿಸೆಂಬರ್, ಜನವರಿಯ ಚಳಿಗೆ ಕಟ್ಟಡ ಕಾಯುವವರು, ಶೆಡ್ಡಿನಲ್ಲಿ ಮಲಗುವವರು ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಬಾಗಿಲು ಹಾಕಿಕೊಳ್ಳುವುದುಂಟು. ಇದ್ದಿಲಾಗಲಿ ಕಲ್ಲಿದ್ದಲಾಗಲಿ, ಹೊಗೆಯಿಲ್ಲದ ಕೆಂಪು ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಮಲಗುವ ಕೋಣೆಗೆ ಕೆಂಡ ತರಬೇಡಿ. ಕೆಂಡವಿರುವ ಕೋಣೆಯಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ಎಲ್ಲರನ್ನೂ ಕೂಡಲೇ ಹೊರಗೆ ಕರೆತಂದು 108ಕ್ಕೆ ಕರೆ ಮಾಡಿ.