ಹುಣಸಗಿಯ ಕಲ್ಲು, ಫ್ರಾನ್ಸಿನ ಹೆಸರು

ಡೊಂಬಿವಲಿಯ ನಮ್ಮ ಹಳೆಯ ಬಾಡಿಗೆ ಮನೆಯ ಅಡುಗೆಕೋಣೆಗೆ ಶಹಾಬಾದಿ ಫರಸಿ ಹಾಸಿತ್ತು. ಕಲಬುರಗಿ ಸೀಮೆಯ ಸುಣ್ಣದಕಲ್ಲು ಅದು. ನನಗಿಂತ ಮೊದಲೇ ಊರು ಬಿಟ್ಟು ಮುಂಬಯಿ ಸೇರಿದ್ದು. ನನ್ನೂರೂ ಅದೇ ಕಲ್ಲಿನ ಸೀಮೆಯದು, ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ. ಲೋಕಲ್‌ನಲ್ಲಿ ಯಾರಾದರೂ "ಅಲ್ಲಿ ನೋಡಲಿಕ್ಕೆ ಏನಿದೆ?" ಎಂದರೆ "ಬಿಸಿಲು" ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಆ ಉತ್ತರ ತಪ್ಪೆಂದು ಗೊತ್ತಾದದ್ದು ಫ್ರಾನ್ಸಿನ ಹೊಳೆದಂಡೆಯ ಊರೊಂದರ ಕತೆ ಓದಿದಾಗ.

ಉತ್ತರ ಫ್ರಾನ್ಸಿನಲ್ಲಿ ಸೊಮ್ ನದಿಯ ದಂಡೆಗೆ ಅಬ್ಬೆವಿಲ್ ಎಂಬ ಸಣ್ಣ ಊರಿದೆ. ಅಲ್ಲಿ ಸುಂಕದ ಅಧಿಕಾರಿಯಾಗಿದ್ದ ಬೂಷೆ ದ ಪರ್ತ್, ನದಿಯ ಹಳೆಯ ಗರಸಿನಲ್ಲಿ ಅಳಿದುಹೋದ ಪ್ರಾಣಿಗಳ ಎಲುಬಿನ ಜೊತೆ ಮನುಷ್ಯ ಕೆತ್ತಿದ ಕಲ್ಲುಗಳನ್ನು ಕಂಡ. ಪಂಡಿತರು ಬಹುಕಾಲ ನಂಬಲಿಲ್ಲ. 1859ರಲ್ಲಿ ಇಂಗ್ಲೆಂಡಿನಿಂದ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಜಾನ್ ಇವಾನ್ಸ್ ಬಂದು, ಕಣ್ಣಾರೆ ನೋಡಿ ಒಪ್ಪಿದರು. ಅದೇ ನದಿಯ ಮೇಲುಭಾಗದ ಸೇಂಟ್ ಅಶೂಲ್ ಎಂಬ ಜಾಗದ ಹೆಸರಿನಿಂದ, ಅಂಥ ಕೈಕೊಡಲಿಗಳ ಪರಂಪರೆಗೆ 'ಅಶೂಲಿಯನ್' ಎಂಬ ಹೆಸರು ಬಂತು.

ಆ ಸುದ್ದಿ ನಮ್ಮ ದೇಶಕ್ಕೆ ಮುಟ್ಟಲು ತಡವಾಗಲಿಲ್ಲ. 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಅಂಥದೇ ಕಲ್ಲು ಹೆಕ್ಕಿದರು. ನಾವು ನಿತ್ಯ ಓಡಾಡುವ ಮುಂಬಯಿಯೂ ಹೊರತಲ್ಲ. ಕಾಂದಿವಲಿಯಲ್ಲಿ ಸಿಕ್ಕ ಶಿಲಾಯುಧಗಳ ಬಗ್ಗೆ ಟಾಡ್ ಎಂಬ ನೌಕಾಧಿಕಾರಿ 1939ರಲ್ಲಿ ಬರೆದ. ಇಂದು ಅಲ್ಲೆಲ್ಲ ಕಟ್ಟಡಗಳು.

ನಮ್ಮೂರಿನ ಸರದಿ ಬಂದದ್ದು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರಿಂದ. ಕೃಷ್ಣೆಗೆ ನೀರು ಕೊಡುವ ಹಳ್ಳಗಳ ಆ ಬಯಲನ್ನು ಅವರು ವರ್ಷಗಟ್ಟಲೆ ನಡೆದು ನೋಡಿದರು. ಹುಣಸಗಿ ಪಕ್ಕದ ಇಸಾಂಪುರದಲ್ಲಿ 1990ರ ದಶಕದ ಕೊನೆಗೆ ಅಗೆದಾಗ ಸಿಕ್ಕದ್ದು ಒಂದು ಕಾರ್ಖಾನೆಯೇ. ಸುಣ್ಣದಕಲ್ಲಿನ ಚಪ್ಪಡಿಗಳು ಅಲ್ಲಿ ತಾವಾಗಿಯೇ ಬಿರಿದು ಕೈಗೆ ಬರುತ್ತಿದ್ದವು. ಅವನ್ನು ಬೇರೆ ಗಟ್ಟಿ ಕಲ್ಲಿನಿಂದ ಬಡಿದು ಕೊಡಲಿ ಮಾಡಿದ್ದರು. ಬಡಿದ ಕಲ್ಲು, ಸಿಡಿದ ಚಕ್ಕೆ, ಅರ್ಧಕ್ಕೆ ಬಿಟ್ಟ ಕೊಡಲಿ ಎಲ್ಲ ಅಲ್ಲೇ ಉಳಿದಿದ್ದವು. ಜೊತೆಗೆ ಸಿಕ್ಕ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಸುಮಾರು 12 ಲಕ್ಷ ವರ್ಷದ ವಯಸ್ಸು ಹೊರಟಿತು. ಸೊಮ್ ಕಣಿವೆಯ ಅತಿ ಹಳೆಯ ಕೊಡಲಿಗಳಿಗೆ ಸುಮಾರು 6.5 ಲಕ್ಷ. ಹೆಸರು ಫ್ರಾನ್ಸಿನದು, ಹಿರಿತನ ಹುಣಸಗಿಯದು. ಹೆಸರು ಸಿಕ್ಕಿದ್ದು ಮೊದಲು ನಿಂತು ನೋಡಿದವರಿಗೆ.

ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಕಾಲುವಿ ನೀರು ಬಂದಾಗ ಹೊಲ ಸಮ ಮಾಡಿಸಿದ್ವಲ್ಲ, ಅಂಥಾ ಚಕ್ಕಿ ಕಲ್ಲು ಗಾಡಿಗಟ್ಟಲೆ ಹಳ್ಳಕ್ಕ ಚೆಲ್ಲೀವಿ. ತಪ್ಪಾತೇನು?"

ಏನು ಹೇಳಲಿ? ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆಯೇ ನಮ್ಮ ಮನೆಯಲ್ಲಿ ಭತ್ತ ಕಂಡದ್ದು. ಆ ಭತ್ತದ ದುಡ್ಡಿನಿಂದಲೇ ನಾನು ಓದಿ ಇಲ್ಲಿಗೆ ಬಂದೆ. ಅಪ್ಪ ಚೆಲ್ಲಿದ ಕಲ್ಲುಗಳಲ್ಲಿ ಎಷ್ಟು ಬರೀ ಕಲ್ಲು, ಎಷ್ಟು ಕೊಡಲಿ ಎಂದು ಇನ್ನು ಯಾರೂ ಹೇಳಲಾರರು. "ಇಲ್ಲಪ್ಪ, ಆಗ ನಮಗ್ಯಾರು ಹೇಳಿದ್ರು" ಎಂದೆ.

ಈ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಜೊತೆ ಇಸಾಂಪುರಕ್ಕೆ ಹೋಗಬೇಕು. ನೀವೂ ನಿಮ್ಮೂರಿನ ಹಳ್ಳದ ದಂಡೆಗೆ ಒಮ್ಮೆ ಹೋಗಿ ಬನ್ನಿ. ಅಂಥ ಕಲ್ಲು ಕಂಡರೆ ಫೋಟೊ ತೆಗೆಯಿರಿ, ಬಲ್ಲವರಿಗೆ ತೋರಿಸಿ. ಕಲ್ಲನ್ನು ಮಾತ್ರ ಎತ್ತಿಕೊಂಡು ಬರಬೇಡಿ. ಬಿದ್ದ ಜಾಗ ತಪ್ಪಿದರೆ ಅದರ ಅರ್ಧ ಕತೆ ಹೋದಂತೆ.